ಶಾಂತಮೂರ್ತಿಯವರ ಬಸ್ಸಿಗೆ ಮ್ಯಾಟ್ ಹೊಡೆದದ್ದು

ಕೊಳ್ಳೇಗಾಲದ ನನ್ನ ಪೇಂಟ್ ಅಂಗಡಿಯಲ್ಲಿ ಹಾಡಹಗಲೇ ನಡೆದ ಸಂಗತಿಯಿದು. ಹೊನ್ನೂರಿನ ಚನ್ನಮಲ್ಲಮ್ಮ ಅಂಗೈಯಗಲದ ಬಸ್ಸೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಡ್ರೈವರಾಗಿದ್ದ ಅವರ ಯಜಮಾನರು ಶಾಂತಮೂರ್ತಿ ಸಾಯುವ ಮುಂಚೆ ಮಾಡಿ, ಬಣ್ಣ ಬಳಿದಿದ್ದ ಮಾದರಿ. ಒಳಗೆ ಸ್ಟೇರಿಂಗ್ ಹಿಡಿದ ತಮ್ಮದೇ ರೂಪದ ಪುಟ್ಟ ಗೊಂಬೆ ಕೂರಿಸಿ, ಸುತ್ತ ಗಾಜಿಟ್ಟು ಅಂಟು ಹಾಕಿ ಮುಚ್ಚಿದ್ದರು. ಬಣ್ಣ ಉದುರದಂತೆ ಮೇಲೆ ಏನಾದರೂ ಹೊಡೆದುಕೊಡಬೇಕಿತ್ತು.

"ಗ್ಲಾಸಿ ಹೊಡುದ್ರೆ ಪಳಪಳ ಅಂತದೆ ಕಣಮ್ಮ" ಎಂದೆ.

"ಬ್ಯಾಡ ಕಣಪ್ಪ. ಹನೂರು ರೋಡಿನ ಧೂಳಲ್ಲಿ ನಮ್ಮೋರ ಬಸ್ಸು ಯಾವತ್ತು ಪಳಪಳ ಅಂದಿತ್ತು?"

ಸರಿ, ಹೊಳಪಿಲ್ಲದ ಮ್ಯಾಟ್ ಸ್ಪ್ರೇ ತೆಗೆದೆ. ಡಬ್ಬದ ಮೇಲೆ 'ಕ್ಲಿಯರ್' ಅಂತಿತ್ತಲ್ಲ, ಗಾಜಿಗೇನಾಗುತ್ತದೆ ಎಂದುಕೊಂಡು ಇಡೀ ಬಸ್ಸಿಗೆ ಹೊಡೆದೆ. ಗಾಜೆಲ್ಲ ಬೆಳ್ಳಗೆ ಮಬ್ಬಾಗಿ ಗೊಂಬೆಯೇ ಮರೆಯಾಯಿತು.

"ಅಯ್ಯೋ, ಅವ್ರ ಮೊಕ ಓಯ್ತಲ್ಲಪ್ಪಾ!" ಚನ್ನಮಲ್ಲಮ್ಮ ಕೂಗಿಕೊಂಡರು.

ಆಗ ಗಾಜು ಉಜ್ಜಿದಂಥ ಸಣ್ಣ ಸದ್ದು ಕೇಳಿಸಿತು. ಡ್ರೈವರ್ ಎದುರಿನ ಗಾಜಿನಲ್ಲಿ ಕಡಲೆಕಾಳಿನಷ್ಟು ಜಾಗ ತಿಳಿಯಾಯಿತು. ಅಲ್ಲಿ ಬೆರಳಿಟ್ಟೆ. ನಾನು ಹೊಡೆದ ಪದರ ಹೊರಗೆ ಹಾಗೇ ಅಂಟಂಟಾಗಿತ್ತು; ಒರೆಸಿದ್ದು ಒಳಗಿನಿಂದ. ಬಾನೆಟ್ಟು ಬೆಚ್ಚಗಿತ್ತು.

"ಮಂಜು ಬಿದ್ರೆ ಅಂಗೈಲೇ ಒರಸ್ಕೊಳೋರು" ಎಂದ ಆಕೆ ಬಸ್ಸಿನತ್ತ ಬಗ್ಗಿ, ಮೆಲ್ಲಗೆ ಕರೆದರು: "ರೀ, ಇಳೀರಿ. ಡ್ಯೂಟಿ ಮುಗೀತಲ್ಲ, ಮನೇಗೋಗಮ."

ಆಮೇಲೆ ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಕೇಳಿದರು: "ನಂಗೆ ಕಣ್ಣು ಮಂಜು. ನೀನೇ ನೋಡಪ್ಪ, ಮೊಕ ಕಾಣ್ತದಾ?"

ಇಣುಕಿದೆ. ಡ್ರೈವರ್ ಸೀಟು ಖಾಲಿಯಿತ್ತು.

"ಕಾಣ್ತದೆ ಕಣಮ್ಮ" ಎಂದೆ.