ಚಾರ್ಟಿನ ಕೊನೆಯ ಸಾಲು

"ನೀನೇ ಬರೆಸಿದ್ದೀಯಲ್ಲ ಮಗಳೇ, ಏಳು ದಿನ ಅಂತ. ಮತ್ತೆ ನಾನ್ಯಾಕೆ ಹದಿನಾಲ್ಕು ದಿನ ಆ ಮಾತ್ರೆ ನುಂಗ್ಲಿ?"

ಅಪ್ಪ ಅಡುಗೆಮನೆ ಗೋಡೆಯ ಮೇಲಿದ್ದ ಚಾರ್ಟನ್ನು ಚಮಚದಿಂದ ತೋರಿಸಿದ. ಚಮಚದಲ್ಲಿ ಜೇನುತುಪ್ಪ, ಅದರೊಳಗೆ ಜಜ್ಜಿದ ಬೆಳ್ಳುಳ್ಳಿ. ಮಾತ್ರೆಯ ಡಬ್ಬಿಯನ್ನು ಅವನು ಆಗಲೇ ಫ್ರಿಜ್ಜಿನ ಮೇಲೆ, ಹಳೇ ಪೇಪರಿನ ಹಿಂದಕ್ಕೆ ತಳ್ಳಿಬಿಟ್ಟಿದ್ದ.

ಶೂ ಲೇಸ್ ಕಟ್ಟುತ್ತಿದ್ದ ಮಗಳು ತಲೆಯೆತ್ತಿದಳು. ಅವಳಿಗೆ ಪ್ರೈಜ್ ತಂದುಕೊಟ್ಟ ಚಾರ್ಟು ಅದು. ಹಳದಿ ಅಕ್ಷರಗಳು ಮಿರಮಿರ ಮಿಂಚುತ್ತಿದ್ದವು. ಕಟ್ಟಕಡೆಯ ಸಾಲು ಎಲ್ಲಕ್ಕಿಂತ ದಪ್ಪ: 'ಜೇನು, ಬೆಳ್ಳುಳ್ಳಿ ಸೇವಿಸಿ. ಹೊಟ್ಟೆಯ ಬ್ಯಾಕ್ಟೀರಿಯಾ ಏಳೇ ದಿನದಲ್ಲಿ ನಾಶ.'

ಆ ಸಾಲು ಎಲ್ಲಿಂದ ಬಂತು ಅಂತ ಇಡೀ ಜಗತ್ತಿನಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ. ಆ ಒಬ್ಬಳು ತುಟಿ ಬಿಚ್ಚದೆ ಇನ್ನೊಂದು ಲೇಸಿಗೆ ಕೈಹಾಕಿದಳು.

"ಡಾಕ್ಟ್ರಮ್ಮನ ಪರ್ಮಿಷನ್ ಸಿಕ್ತು," ಅಂದು ಅಪ್ಪ ಚಮಚ ಬಾಯಿಗಿಟ್ಟ.

ಡಾಕ್ಟ್ರಮ್ಮ ಅನ್ನುವುದು ಅವಳ ಅಡ್ಡಹೆಸರು. ಕ್ಲಾಸಿನಲ್ಲಿ ಯಾರಿಗೆ ಏನೇ ಆದರೂ ಅವಳ ಹತ್ತಿರ ಮದ್ದು ತಯಾರಿರುತ್ತಿತ್ತು. ಗೊತ್ತಿದ್ದರೆ ಗೊತ್ತಿದ್ದದ್ದು, ಗೊತ್ತಿಲ್ಲದಿದ್ದರೆ ಆಗಷ್ಟೇ ಹೊಳೆದದ್ದು. ಒಂದು ಸಲ ಪಕ್ಕದ ಬೆಂಚಿನ ಹುಡುಗನಿಗೆ ಬಿಕ್ಕಳಿಕೆ ಹತ್ತಿತ್ತು. ಪೂರ್ತಿ ಬಗ್ಗಿ ನಿಂತು ನೀರು ಕುಡಿ ಅಂದಳು. ನೀರು ಮೂಗಿನಿಂದ ಆಚೆ ಬಂತು, ಬಿಕ್ಕಳಿಕೆ ಒಳಗೇ ಉಳಿಯಿತು. "ನೀನು ಸರಿಯಾಗಿ ಬಗ್ಗಲಿಲ್ಲ" ಅಂತ ಅವನನ್ನೇ ಬೈದಳು. ಇಷ್ಟಾದರೂ ತನ್ನ ಬಗ್ಗೆ ಅವಳಿಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಚಾರ್ಟಿನ ಕತೆಯೂ ಇದೇ ಜಾತಿಯದು. ಹೋದ ತಿಂಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅವಳು ಎರಡು ಬ್ರೆಡ್ ತುಂಡು ಇಟ್ಟಿದ್ದಳು. ಒಂದಕ್ಕೆ ಜೇನು ಸವರಿದ್ದಳು, ಇನ್ನೊಂದಕ್ಕೆ ನೀರು ಚಿಮುಕಿಸಿದ್ದಳು. ಐದನೇ ದಿನ ನೀರಿನ ಬ್ರೆಡ್ಡಿಗೆ ಹಸಿರು ಬೂಷ್ಟು ಬಂತು, ಜೇನಿನದಕ್ಕೆ ಬರಲಿಲ್ಲ. ಇಷ್ಟು ನಿಜ.

ಅಪ್ಪನ ಕೆಲಸ ಅಂಗಡಿಗಳಿಗೆ ಬೋರ್ಡು ಬರೆಯುವುದು. ಚಾಕ್ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು, ಎಳೆದು ಬಿಟ್ಟರೆ, ಪಟ್ ಅಂತ ನೇರ ಗೆರೆ ಬೀಳುತ್ತದೆ. ಮಗಳ ಚಾರ್ಟಿಗೂ ಹಾಗೇ ಗೆರೆ ಹಾಕಿ ಚಪ್ಪಟೆ ಬ್ರಶ್ಶಿನಲ್ಲಿ ಬರೆದುಕೊಟ್ಟ. ಎಲ್ಲ ಮುಗಿದಾಗ ಕೆಳಗೆ ಒಂದು ಸಾಲಿನ ಜಾಗ ಉಳಿದುಬಿಟ್ಟಿತು.

"ಇಲ್ಲೇನೋ ಬೇಕಲ್ಲ," ಅಂದ ಅಪ್ಪ. "ಬುಡ ಖಾಲಿ ಬಿಟ್ರೆ ಬೋರ್ಡು ಬರೆಯೋನ ಮಾನ ಹೋಗುತ್ತೆ. ಏನಾದ್ರೂ ಹೇಳು, ದಪ್ಪಗೆ ಬರೀತೀನಿ. ಬೇಗ, ಬಣ್ಣ ಒಣಗ್ತಿದೆ."

ಅವಳು ಚಾವಣಿ ನೋಡಿದಳು. ಬಾಯಿಗೆ ಬಂದದ್ದನ್ನು ಹೇಳಿದಳು. ಏಳು ಯಾಕೆ? ಕೇಳಲು ಚೆನ್ನಾಗಿತ್ತು. ಹೊಟ್ಟೆ ಯಾಕೆ? ಅವಳಿಗೆ ಆಗ ಹಸಿವಾಗಿತ್ತು. ಅಷ್ಟೇ.

ಜಡ್ಜುಗಳು ಮೊದಲ ಬಹುಮಾನ ಕೊಟ್ಟರು. ಬ್ರೆಡ್ಡಿಗೆ ಕೊಟ್ಟರೋ, ಅಪ್ಪನ ಅಕ್ಷರಕ್ಕೆ ಕೊಟ್ಟರೋ ಯಾರಿಗೆ ಗೊತ್ತು. ತನ್ನ ತಲೆಗೇ ಕೊಟ್ಟದ್ದು ಅಂತ ಅವಳು ತೀರ್ಮಾನ ಮಾಡಿಕೊಂಡಳು.

ಆಮೇಲೆ ಅಪ್ಪನಿಗೆ ಹೊಟ್ಟೆನೋವು ಶುರುವಾಯಿತು. ಕ್ಲಿನಿಕ್ಕಿನ ಡಾಕ್ಟರ್ ಟೆಸ್ಟ್ ಮಾಡಿಸಿ, ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಸೇರಿ ಹುಣ್ಣು ಮಾಡಿದೆ ಅಂದರು. ಬೆಳಗ್ಗೆ ಸಂಜೆ ಆಂಟಿಬಯಾಟಿಕ್ ಮಾತ್ರೆ, ಹದಿನಾಲ್ಕು ದಿನ, ಒಂದೂ ತಪ್ಪಿಸಬಾರದು. ಮಾತ್ರೆ ತಗೊಂಡಾಗಿನಿಂದ ಅಪ್ಪನಿಗೆ ಏನು ತಿಂದರೂ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತಿತ್ತು. ಆರು ದಿನ ಹೇಗೋ ತಡೆದುಕೊಂಡ. ಏಳನೇ ಬೆಳಗ್ಗೆ ಅವನ ಕಣ್ಣು ಚಾರ್ಟಿನ ಕೊನೆಯ ಸಾಲಿನ ಮೇಲೆ ಬಿತ್ತು.

ಅವತ್ತೇ ಅವಳು ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಹೇಳಿದರೆ ಪ್ರೈಜಿನ ಗತಿ? ಡಾಕ್ಟ್ರಮ್ಮನ ಮರ್ಯಾದೆ? ಅದೂ ಅಲ್ಲದೆ, ಜಡ್ಜುಗಳೇ ಒಪ್ಪಿದ ಮೇಲೆ ನಿಜವೂ ಇರಬಹುದೇನೋ ಅಂತ ಅವಳಿಗೇ ಅನ್ನಿಸತೊಡಗಿತು. ತಾನು ಬಿಟ್ಟ ಬುರುಡೆಯನ್ನು ತಾನೇ ನಂಬುವಷ್ಟು ಜಾಣೆ ಅವಳು.

ಬೇಕರಿಯಲ್ಲಿ ಕೆಲಸ ಮಾಡುವ ಅಮ್ಮ ಸೂರ್ಯ ಹುಟ್ಟುವ ಮೊದಲೇ ಹೊರಟುಬಿಡುತ್ತಿದ್ದಳು. ಸಂಜೆ ಬಂದವಳೇ "ಮಾತ್ರೆ ಆಯ್ತಾ?" ಅನ್ನುತ್ತಿದ್ದಳು. "ಆಯ್ತು," ಅನ್ನುತ್ತಿದ್ದರು ಅಪ್ಪ, ಮಗಳು ಒಟ್ಟಿಗೇ.

ಜೇನು ಶುರುಮಾಡಿದ ಐದನೇ ದಿನ ಅವಳು ಶಾಲೆಯಿಂದ ಬರುವಾಗ ಅಪ್ಪ ಕನ್ನಡಕದ ಅಂಗಡಿಯ ಮುಂದೆ ಏಣಿ ಹತ್ತಿ ಬೋರ್ಡು ಬರೆಯುತ್ತಿದ್ದ. ಬರೆಯುತ್ತಿದ್ದ ಅನ್ನುವುದಕ್ಕಿಂತ ನಿಂತಿದ್ದ. ಅರ್ಧ ಅಕ್ಷರಕ್ಕೇ ಕೈ ನಿಂತಿತ್ತು. ಎರಡೂ ತೋಳಲ್ಲಿ ಏಣಿಯನ್ನು ತಬ್ಬಿಕೊಂಡು ಹಣೆಯನ್ನು ಅದಕ್ಕೆ ಒತ್ತಿ ಹಿಡಿದಿದ್ದ. ಬ್ರಶ್ಶಿನಿಂದ ಕೆಂಪು ಬಣ್ಣ ಅಂಗಡಿಯ ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳು ಓಡಿಹೋಗಿ ಏಣಿ ಹಿಡಿದುಕೊಂಡಳು. "ಅಪ್ಪಾ, ಇಳಿ."

"ಇಳೀತೀನಿ. ಒಂದು ನಿಮಿಷ."

ಆರು ಮೆಟ್ಟಿಲು ಇಳಿಯಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಎಲ್ಲಿ ಬಿದ್ದುಬಿಡುತ್ತಾನೋ ಅಂತ ಅವಳ ಜೀವ ಬಾಯಿಗೆ ಬಂದಿತ್ತು. ಕೆಳಗೆ ಕೂತ ಮೇಲೆ ಅಪ್ಪ ಬೆವರು ಒರೆಸಿಕೊಂಡು ನಗಲು ನೋಡಿದ.

"ಇನ್ನೆರಡು ದಿನ ತಾನೇ. ಏಳಕ್ಕೆ ಸರಿಹೋಗುತ್ತೆ ಅಂತಿದೆಯಲ್ಲ."

ಅವನು ಬೆರಳಲ್ಲಿ ಎಣಿಸುತ್ತಿದ್ದ. ಅವಳಿಗೆ ಅಲ್ಲೇ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು.

"ಕ್ಲಿನಿಕ್ಕಿಗೆ ಹೋಗೋಣ, ನಡಿ."

"ಈಗ ಯಾಕೆ?"

"ನಡಿ ಅಂದ್ರೆ ನಡಿ ಅಪ್ಪ."

ಡಾಕ್ಟರ್ ಅಪ್ಪನ ಹೊಟ್ಟೆ ಒತ್ತಿ ನೋಡಿದರು. "ಮಾತ್ರೆ ಎಷ್ಟು ದಿನ ತಗೊಂಡ್ರಿ?"

"ಆರು, ಮೇಡಂ."

"ಆಮೇಲೆ?"

"ಬಾಯೆಲ್ಲ ಕಹಿ ಅಂತ... ಜೇನು, ಬೆಳ್ಳುಳ್ಳಿ ತಗೊಂಡೆ."

"ಹಾಗಂತ ಯಾರು ಹೇಳಿದ್ರು?"

ಅಪ್ಪ ಮಗಳ ಕಡೆ ತಿರುಗಿಯೂ ನೋಡಲಿಲ್ಲ. "ಯಾರೂ ಇಲ್ಲ ಮೇಡಂ. ನನ್ನ ತಲೆಗೇ ಹೊಳೀತು."

"ಚೆನ್ನಾಗಿ ಹೊಳೀತು. ಇಷ್ಟು ದೊಡ್ಡವರಾಗಿ ಸಣ್ಣ ಮಕ್ಕಳ ಥರ ಮಾತ್ರೆ ಬಿಟ್ಟುಬಿಡ್ತೀರಲ್ಲ," ಅಂತ ಡಾಕ್ಟರ್ ಶುರುಮಾಡಿದರು. ಅಪ್ಪ ಹೋಂವರ್ಕ್ ಮಾಡದ ಹುಡುಗನ ಹಾಗೆ ತಲೆ ತಗ್ಗಿಸಿ ಕೂತ.

ಮನೆಯ ಡಾಕ್ಟ್ರಮ್ಮ ಬಚಾವಾಗಿದ್ದಳು. ಸುಮ್ಮನೆ ಗೋಡೆ ನೋಡಿಕೊಂಡು ನಿಂತರೆ ಸಾಕಿತ್ತು. ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆ ಅನ್ನುವ ಪೋಸ್ಟರ್ ಇತ್ತು. ಅದನ್ನು ಎರಡು ಸಲ ಓದಿದಳು. ಮೂರನೇ ಸಲ ಅಕ್ಷರಗಳೇ ಕಾಣಲಿಲ್ಲ, ಕಣ್ಣು ತುಂಬಿಕೊಂಡಿತ್ತು.

"ನಾನು ಹೇಳಿದ್ದು," ಅಂದಳು.

ಡಾಕ್ಟರ್ ಕನ್ನಡಕ ಮೇಲೆತ್ತಿದರು. "ನೀನಾ? ಎಲ್ಲಿ ಓದಿದೆ ಪುಟ್ಟಿ?"

"ಎಲ್ಲೂ ಓದಿಲ್ಲ. ಚಾರ್ಟಿನಲ್ಲಿ ಜಾಗ ಉಳಿದಿತ್ತು."

ಆಮೇಲೆ ಎಲ್ಲವನ್ನೂ ಹೇಳಿದಳು. ಬ್ರೆಡ್ಡು, ಬೂಷ್ಟು, ಏಳು, ತನ್ನ ಹಸಿವು, ಯಾವುದನ್ನೂ ಬಿಡಲಿಲ್ಲ. ಡಾಕ್ಟರ್ ನಗುತ್ತಾರೆ ಅಂದುಕೊಂಡಿದ್ದಳು. ಅವರು ನಗಲಿಲ್ಲ.

"ಬ್ರೆಡ್ ಪ್ರಯೋಗ ಚೆನ್ನಾಗಿದೆ. ಆದ್ರೆ ನಿಮ್ಮಪ್ಪ ಬ್ರೆಡ್ ಅಲ್ವಲ್ಲ. ಈ ಬ್ಯಾಕ್ಟೀರಿಯಾ ಹೊಟ್ಟೆಯ ಗೋಡೆಯ ಲೋಳೆಯೊಳಗೆ ಅಡಗಿ ಕೂತಿರುತ್ತೆ. ಜೇನು ತಿನ್ನಲಿ, ಬೇಡ ಅನ್ನಲ್ಲ. ಮಾತ್ರೆಯ ಬದಲಿಗೆ ಅಲ್ಲ. ಆರು ದಿನದಲ್ಲಿ ಸತ್ತಿದ್ದು ಬಡಪಾಯಿಗಳು. ಉಳಿದಿರೋವು ಗಟ್ಟಿಗರು, ಹಳೇ ಮಾತ್ರೆಗೆ ಬಗ್ಗದೇ ಇರಬಹುದು. ಅದಕ್ಕೆ ಬೇರೆ ಬರೀತಿದ್ದೀನಿ. ಮತ್ತೆ ಮೊದಲಿಂದ ಹದಿನಾಲ್ಕು ದಿನ."

"ಮೊದಲಿಂದಲಾ?" ಅಂದ ಅಪ್ಪ, ಸಣ್ಣ ದನಿಯಲ್ಲಿ.

"ಮೊದಲಿಂದ. ಮುಗಿದು ಒಂದು ತಿಂಗಳ ಮೇಲೆ ಮತ್ತೆ ಟೆಸ್ಟು. ಅಲ್ಲಿವರೆಗೂ ಹೋಯ್ತು ಅಂತ ಹೇಳಕ್ಕಾಗಲ್ಲ."

ಮನೆಗೆ ನಡೆದು ಬರುವಾಗ ಅಪ್ಪ ರಸ್ತೆ ದಾಟಲು ಎಂದಿನ ಹಾಗೇ ಅವಳ ಕೈ ಹಿಡಿದುಕೊಂಡ. ಅವಳಿಗೆ ಅದೇ ಹೆಚ್ಚು ಕಷ್ಟವಾಯಿತು.

"ಬೈಯಪ್ಪ," ಅಂದಳು.

"ಬೈತೀನಿ ಇರು. ನೋವು ಕಮ್ಮಿ ಆಗ್ಲಿ." ಸ್ವಲ್ಪ ದೂರ ಹೋದ ಮೇಲೆ ಅವನೇ ಹೇಳಿದ, "ನಂಗೂ ಅನುಮಾನ ಇತ್ತು ಕಣೇ. ಮಾತ್ರೆ ಬಿಡೋಕೆ ಒಂದು ನೆಪ ಬೇಕಿತ್ತು. ಎದುರಿಗೇ ದಪ್ಪಗೆ ಬರೆದಿತ್ತು, ನಂಬಿಬಿಟ್ಟೆ. ಈ ಬೀದಿ ನೋಡು. 'ಊರಿಗೇ ನಂಬರ್ ಒನ್' ಅಂತ ನಾಲ್ಕು ಅಂಗಡಿಗೆ ನಾನೇ ಬರೆದುಕೊಟ್ಟಿದ್ದೀನಿ. ಬರೆಯೋನಿಗಾದ್ರೂ ಬುದ್ಧಿ ಬೇಡ್ವಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು.

ಅಮ್ಮನಿಗೆ ಹೇಳಿದಾಗ ಅವಳು ಜೋರು ಮಾಡಲಿಲ್ಲ. "ದಿನಾ ಇಬ್ರೂ ಸೇರಿ ನಂಗೆ 'ಆಯ್ತು' ಅಂತಿದ್ರಲ್ಲ," ಅಂದಳು ಅಷ್ಟೇ. ಅವತ್ತು ಅಪ್ಪ, ಮಗಳಿಬ್ಬರೂ ಯಾರೂ ಹೇಳದೆಯೇ ಪಾತ್ರೆ ತೊಳೆದರು. ಮರುದಿನ ಅವಳು ಚಾರ್ಟನ್ನು ಬಿಚ್ಚಿ, ಸುರುಳಿ ಸುತ್ತಿ, ಶಾಲೆಗೆ ಒಯ್ದು ಟೀಚರ್ ಹತ್ತಿರ ಕೊನೆಯ ಸಾಲಿನ ಕತೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕಿವಿಯವರೆಗೂ ಕೆಂಪಾಗಿದ್ದಳು.

ಹೊಸ ಮಾತ್ರೆಯ ಮೂರನೇ ಬೆಳಗ್ಗೆ ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದ.

"ಇದೂ ಕಹೀನೇ ಡಾಕ್ಟ್ರಮ್ಮ. ಬಾಯಿ ಕಹಿ ಹೋಗೋಕೆ ಏನಾದ್ರೂ ಮದ್ದಿದ್ಯಾ?"

ಅವಳ ನಾಲಿಗೆಯ ತುದಿಗೆ ಒಂದೇ ಸಲಕ್ಕೆ ನಾಲ್ಕು ಮದ್ದು ಬಂದು ನಿಂತವು. ನಾಲ್ಕೂ ಬಹಳ ಚೆನ್ನಾಗಿದ್ದವು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಇಷ್ಟೆಲ್ಲ ಆದ ಮೇಲೂ, ಅವಳು ಏನು ಹೇಳಿದರೂ ಮಾಡುವವನ ಹಾಗೆ ನೋಡುತ್ತಿದ್ದ.

"ಗೊತ್ತಿಲ್ಲಪ್ಪ," ಅಂದಳು. "ಕ್ಲಿನಿಕ್ಕಿನಲ್ಲಿ ಕೇಳೋಣ."

ಅಪ್ಪ ತಲೆಯಾಡಿಸಿ ಮಾತ್ರೆ ಬಾಯಿಗೆ ಹಾಕಿಕೊಂಡ. ಸ್ಕೂಲಿಗೆ ಆಗಲೇ ಹೊತ್ತಾಗಿತ್ತು. ಅವನು ನುಂಗಿ, ಮುಖ ಹಿಂಡಿಕೊಂಡು, ಲೋಟ ಕೆಳಗಿಡುವವರೆಗೂ ಅವಳು ಅಲ್ಲೇ ನಿಂತಿದ್ದಳು.