ರಿಪೋರ್ಟ್ ತೆರೆಯುವ ಮುನ್ನ

ಅಹಮದಾಬಾದಿನ ಮಣಿನಗರದ ಬ್ಯಾಂಕಿನಲ್ಲಿ ಕೂತು, ‘ಓಟಿಪಿ ಯಾರಿಗೂ ಹೇಳಬೇಡಿ’ ಎಂದು ದಿನವಿಡೀ ಗಂಟಲು ಹರಿದುಕೊಳ್ಳುವವಳು ಮೇದಿನಿ. ಅಂಥವಳು ಹೋದ ತಿಂಗಳು ಇದೇ ಊರಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿಯ ಚೇತನ್ ಫ್ಯಾಕ್ಟರಿ ಆಫೀಸಿನ ಫೋನಿನಲ್ಲಿ ಕೇಳಿದ್ದೇ ತಡ, ಆರೂ ಅಂಕಿ ಒಪ್ಪಿಸಿಬಿಟ್ಟಿದ್ದಳು. “ಫ್ಯಾಕ್ಟರಿಯಾಗ ಹೆಲ್ತ್ ಕ್ಯಾಂಪ್ ಐತ್ರಿ, ಆ್ಯಪಿಗೆ ನಿಮ್ಮ ನಂಬರ್ ಕೊಟ್ಟೀನಿ” ಎಂದಿದ್ದ. ಅದರ ಫಲ ಇವತ್ತು ಮಧ್ಯಾಹ್ನ ಅವಳ ಫೋನಿಗೇ ಬಂತು: ಚೇತನ್, ಎದೆಯ ಸ್ಕ್ಯಾನ್, ರಿಪೋರ್ಟ್ ಸಿದ್ಧ.

ಆ ಮೆಸೇಜಿನಲ್ಲಿ ಅದಕ್ಕೂ ಹಿಂದಿನ ಒಂದು ಎಕ್ಸ್‌ರೇಯ ಉಲ್ಲೇಖವೂ ಇತ್ತು. ಪ್ರತಿ ಭಾನುವಾರ ಕನ್ನಡ ಬಳಗದಲ್ಲಿ ಪಕ್ಕದಲ್ಲೇ ಕೂತು ಹರಟುವ ಮನುಷ್ಯ ಒಂದಕ್ಷರ ಬಾಯಿ ಬಿಟ್ಟಿರಲಿಲ್ಲ. ವಟ್ವಾದ ಬಣ್ಣದ ಫ್ಯಾಕ್ಟರಿಯ ಗಾಳಿ ಕುಡಿಯುತ್ತ ಅವನಿಗೆ ಆರು ವರ್ಷವಾಗಿತ್ತು. ಬೆರಳು ಒತ್ತಿದರೆ ತೆರೆಯುತ್ತಿತ್ತು. ಒತ್ತಲಿಲ್ಲ. ಅರ್ಧ ದಿನ ರಜೆ ಹಾಕಿ ವಟ್ವಾಕ್ಕೆ ಆಟೋ ಹಿಡಿದಳು.

ಶಿಫ್ಟ್ ಮುಗಿಸಿ, ಗೇಟಿನಲ್ಲಿ ತನ್ನ ಫೋನ್ ವಾಪಸ್ ತೆಗೆದುಕೊಂಡು ಹೊರಬಂದ ಚೇತನ್, ಎದುರಿನ ಚಹಾ ಅಂಗಡಿಯಲ್ಲಿ ಅವಳನ್ನು ಕಂಡು ನಿಂತುಬಿಟ್ಟ. ಅವಳು ಫೋನ್ ಎತ್ತಿ ತೋರಿಸಿದಳು. ಅವನ ಮುಖ ಇಳಿಯಿತು.

“ನೋಡೀರೇನು?”

“ಇಲ್ಲ. ನಿಮ್ಮದು, ನೀವೇ ತೆರೀಬೇಕು. ನನ್ನ ನಂಬರ್ ಯಾಕೆ ಕೊಟ್ರಿ?”

“ಒಳಗ ಫೋನ್ ಬಿಡೂದಿಲ್ರಿ, ಬೆಂಕಿ ಹತ್ತೂ ಜಾಗ. ಓಟಿಪಿ ಅಲ್ಲೇ ನಿಂತು ಹೇಳ್ಬೇಕಿತ್ತು. ಬಾಯಿಪಾಠ ಇದ್ದ ನಂಬರು ನಿಮ್ದೊಂದ.”

“ಮನೇದು?”

“ಅದೂ ಬರೂದಿಲ್ಲ,” ಎಂದವನು ಕಿವಿಯವರೆಗೆ ಕೆಂಪಾದ.

ಅಷ್ಟು ಭಯದಲ್ಲೂ ಮೇದಿನಿಗೆ ನಗು ಬಂತು. ಬಂದಷ್ಟೇ ಬೇಗ ಹೋಯಿತು.

“ಎಂಟು ತಿಂಗಳಿಂದ ನನಗೇನೋ ಹೇಳ್ಬೇಕು ಅಂತ ಒದ್ದಾಡ್ತಿದ್ದೀರಿ. ಈಗ ಹೇಳಿ.”

“ಮೊದ್ಲ ರಿಪೋರ್ಟ್ ನೋಡೂಣು. ಕೆಟ್ಟದ್ದಿದ್ರ ಹೇಳೂದಿಲ್ಲ.”

“ಹಾಗಾದ್ರೆ ನಾನೇ ಹೇಳ್ತೀನಿ. ಆಮೇಲೆ ಹೇಳಿದ್ರೆ ಕರುಣೆಯಿಂದ ಹೇಳಿದಳು ಅಂತೀರಿ.” ಅವಳು ತನ್ನ ಫೋನನ್ನು ಅವನ ಕೈಗಿಟ್ಟಳು. “ನೀವು ನನಗೆ ಬೇಕು, ಚೇತನ್. ಅದರಲ್ಲಿ ಏನೇ ಬರೆದಿರಲಿ. ಈಗ ತೆರೀರಿ.”

ಅವನು ತೆರೆದ. ಓದಿದ. ಮತ್ತೆ ಮೊದಲಿಂದ ಓದಿದ. ಮೇದಿನಿ ಅವನ ಮುಖವನ್ನೇ ನೋಡುತ್ತಿದ್ದಳು.

“ಹಳೇ ಗಾಯದ ಗುರುತಂತ. ತಾನ ಮಾಯ್ದದಂತ. ಆರು ತಿಂಗಳಿಗೆ ಇನ್ನೊಮ್ಮೆ ತೋರಸ್ಬೇಕಂತ, ಅಷ್ಟ.”

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಕಣ್ಣು ತುಂಬಿ ಬಂತು. ಅವನೂ ಪಕ್ಕದಲ್ಲಿ ಕೂತ.

“ಈಗ ನಾ ಹೇಳಿದ್ರ, ರಿಪೋರ್ಟ್ ಚಲೋ ಬಂತಂತ ಹೇಳಿದ ಅಂತೀರಿ.”

“ಅಂತೀನಿ. ಸಾಯೋವರೆಗೂ ಅಂತೀನಿ,” ಎಂದಳು ಮೂಗು ಒರೆಸಿಕೊಳ್ಳುತ್ತ. “ಆದ್ರೂ ಹೇಳಿ.”

ಅವನು ಹೇಳಿದ.