ಐದು ಜೊತೆ ಊದಿದ ಕಾಲು

1996ರ ಆಗಸ್ಟ್ ಒಂಬತ್ತು, ಶುಕ್ರವಾರ. ಶಿಕಾರಿಪುರದ ಎಣ್ಣೆ ವ್ಯಾಪಾರಿ ಶಾಂತವೀರಪ್ಪನವರ ಮನೆಯಲ್ಲಿ ಉಣ್ಣುವ ದೊಡ್ಡವರು ಆರು ಮಂದಿ. ಅವರಲ್ಲಿ ಐವರ ಕಾಲು ಊದಿದ್ದವು. ಆ ಐವರಲ್ಲಿ ಒಬ್ಬರು, ಸ್ವತಃ ಶಾಂತವೀರಪ್ಪನವರು, ಬುಧವಾರ ಉಸಿರು ಕಟ್ಟಿ ತೀರಿಕೊಂಡಿದ್ದರು. ಊದದೆ ಉಳಿದವಳು ಸೊಸೆ ಗಂಗಾಶ್ರೀ ಒಬ್ಬಳೇ. ಆ ಮನೆಯ ಅಡುಗೆ ಮಾಡುವವಳೂ ಅವಳೇ.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳ ತಾಯಿ ಮಹಾದೇವಮ್ಮ ಬಿಕ್ಕತೊಡಗಿದ್ದಳು. ಜಡೆಯಿಂದ ಮೊದಲ ಬಸ್ಸು ಹಿಡಿದು ಸೊರಬಕ್ಕೆ ಬಂದು, ಡಾಕ್ಟರ್ ರಾಜೀವಿಯವರ ಜಗುಲಿಯ ಮೇಲೆ ಕುಳಿತಿದ್ದಳು.

"ಮಗಳೇ ವಿಷ ಹಾಕಿದ್ದು ಅಂತ ಮೈದುನ ರಾಜಕುಮಾರ್ ದೂರು ಕೊಟ್ಟಾನಂತೆ ಅಮ್ಮಾ. ಸಂಜೆಗೆ ಪೊಲೀಸ್ನೋರು ಬರ್ತಾರೆ. ನಾಕು ತಿಂಗಳ ಕೂಸು; ಅದನ್ನ ಮನೆಯಲ್ಲೇ ಇಟ್ಕೊಂಡು ಇವಳನ್ನಷ್ಟೇ ಕಳಿಸ್ತಾರಂತೆ."

"ಗಂಡ ಎಂತ ಹೇಳ್ತಾನೆ?"

"ಕೊಟ್ರೇಶನಾ? ಅವನು ಮಾತೇ ಆಡೋದಿಲ್ಲ."

ರಾಜೀವಿ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಜೀವಮಾನವಿಡೀ ರಕ್ತ ಪರೀಕ್ಷಿಸಿ ನಿವೃತ್ತರಾದವರು. ಊರಿನ ಬಿಡಿಸಲಾಗದ ಸಾವುಗಳೆಲ್ಲ ಕೊನೆಗೆ ಅವರ ಜಗುಲಿಗೇ ಬರುತ್ತಿದ್ದವು. ಅವರೊಡನೆ ಸದಾ ಹೋಗುತ್ತಿದ್ದವರು ನಿರಂಜನ ಮಾಸ್ತರರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು.

ಶಿಕಾರಿಪುರದ ಬಸ್ಸಿನಲ್ಲಿ ಮಾಸ್ತರರು ತಗ್ಗಿದ ದನಿಯಲ್ಲಿ ಹೇಳಿದರು: "ಆರರಲ್ಲಿ ಐದು ಕಳೆದರೆ ಒಂದು. ಲೆಕ್ಕ ಆ ಹುಡುಗಿಯನ್ನೇ ತೋರಿಸ್ತದಲ್ಲ ರಾಜೀವಿ."

"ಕಳೆಯೋದು ನಿಂಗೆ ಬರ್ತದೆ ಮಾರಾಯ. ಐದು ಅನ್ನೋ ಅಂಕಿ ಕೊಟ್ಟವರು ಯಾರು ಅಂತ ಕೇಳಿದ್ಯಾ?"

ಬಸ್ಸಿಳಿದು ಇಬ್ಬರೂ ಮಹಾದೇವಮ್ಮನ ಜೊತೆ ಶಾಂತವೀರಪ್ಪನವರ ಮನೆಗೆ ನಡೆದರು.

ಮನೆಯ ನಡುಕೋಣೆಯಲ್ಲಿ ಹಿರಿಯರ ಹೆಂಡತಿ ಸರ್ವಮಂಗಳ ಚಾಪೆಯ ಮೇಲೆ ಒರಗಿದ್ದರು. ಕಾಲುಗಳು ಬಾಳೆದಿಂಡಿನಂತಾಗಿ, ಚರ್ಮ ಕೆಂಪಡರಿತ್ತು. ರಾಜೀವಿ ಮೊಣಕಾಲಿನ ಕೆಳಗೆ ಹೆಬ್ಬೆರಳೊತ್ತಿ ತೆಗೆದರು. ಹಸಿ ಮಣ್ಣಿನಲ್ಲಿ ಮೂಡಿದಂತೆ ಒಂದು ಗುಳಿ ಬಿದ್ದು, ಬಹಳ ಹೊತ್ತು ಹಾಗೇ ನಿಂತಿತು. ಕೆಲಸದ ನಿಂಗಮ್ಮನ ಕಾಲಲ್ಲೂ ಅದೇ. ಹಿರಿಯ ಮಗ ಕೊಟ್ರೇಶನ ಕಾಲಲ್ಲೂ ಅದೇ; ಚಪ್ಪಲಿ ಹಿಡಿಸದೆ ಅವನು ಬರಿಗಾಲಲ್ಲಿದ್ದ.

ಅಷ್ಟರಲ್ಲಿ ಕಿರಿಯ ಮಗ ರಾಜಕುಮಾರ್ ಹೊರಗಿನಿಂದ ಕುಂಟುತ್ತ ಬಂದು, ಹೊಸ್ತಿಲಲ್ಲಿ ಕುಳಿತು ಬೂಟಿನ ಲೇಸು ಬಿಚ್ಚತೊಡಗಿದ. ಎಣ್ಣೆ ಗಿರಣಿಯನ್ನು ನೋಡಿಕೊಳ್ಳುವವನು ಅವನೇ.

"ನಂದೂ ಹಂಗೇ ಐತ್ರೀ. ನೋಡೋದೇನೈತಿ? ವಿಷ ಹಾಕಿದಾಕಿ ಒಳಗ ಕುಂತಾಳ, ಆಕಿನ್ನ ಕೇಳ್ರಿ. ನಮಗೆಲ್ಲ ಸಾರು ಬಡಿಸಿ, ತಾನು ಒಂದ್ ಹನಿ ಮುಟ್ಟಾಂಗಿಲ್ಲ!"

ರಾಜೀವಿ ಅವನ ಕಾಲನ್ನು ಮುಟ್ಟಲಿಲ್ಲ. ನೇರ ಅಡುಗೆಮನೆಗೆ ನಡೆದರು.

ಗಂಗಾಶ್ರೀ ಕೂಸಿಗೆ ಹಾಲೂಡುತ್ತಿದ್ದಳು. ಕೂಸು ದುಂಡಗಿತ್ತು.

"ನೀನು ಊಟ ಮಾಡೋದೆಂತದು?"

"ಬಿಸಿ ಅನ್ನ, ತುಪ್ಪ, ಮೆಣಸಿನ ಪುಡಿ ಅಮ್ಮಾ. ಬಾಣಂತಿ ಪಥ್ಯ. ಐದು ತಿಂಗಳವರೆಗೆ ಎಣ್ಣೆ ಮುಟ್ಟಬಾರದು ಅಂತ ಅತ್ತೆಯೇ ಹೇಳಿದ್ದು."

ಅತ್ತೆ ಹಾಕಿದ ಪಥ್ಯವೇ ಅದೇ ಮನೆಯಲ್ಲಿ ಸೊಸೆಯ ಅಪರಾಧವಾಗಿತ್ತು. ಗೋಡೆಗೆ ಒರಗಿಸಿಟ್ಟಿದ್ದ ಶೇಂಗಾ ಎಣ್ಣೆಯ ಡಬ್ಬವನ್ನು ರಾಜೀವಿ ಹಿಂದೆಯೇ ಬಂದ ಕೆಲಸದವಳಿಗೆ ತೋರಿಸಿದರು.

"ಇದು ಎಲ್ಲಿಂದ ಬಂತು ನಿಂಗಮ್ಮ?"

"ನಮ್ಮ ಗಿರಣಿದೇ ರೀ. ಸಣ್ಣ ಧಣಿ ಮನಿಗೆ ಅಂತ ವಿಭೂತಿ ಹಚ್ಚಿ ಒಂದ್ ಡಬ್ಬ ಬ್ಯಾರೆ ಇಡ್ತಿದ್ರು. ಹೋದ ತಿಂಗಳು ದೊಡ್ಡ ಯಜಮಾನ್ರಿಗೆ ಅದು ಗೊತ್ತಾತು ನೋಡ್ರಿ, ಸಿಟ್ಟಂದ್ರ ಸಿಟ್ಟು! 'ಗಿರಾಕಿಗೊಂದು, ಮನಿಗೊಂದು ಮಾಡಿದ್ರ ಅದೆಂಥಾ ಕಾಯಕಲೇ? ಮಾರೋದನ್ನ ಉಣ್ಣಬೇಕು, ಉಣ್ಣೋದನ್ನ ಮಾರಬೇಕು' ಅಂದು, ಅದನ್ನ ವಾಪಸ್ ಕಳಿಸಿ, ಮಾರೋ ಸಾಲಿನಾಗಿಂದ ತಾವೇ ಇದನ್ನ ಎತ್ತಿಸ್ಕೊಂಡು ಬಂದ್ರು."

"ಸಣ್ಣ ಧಣಿ ಏನಂದ್ರು?"

"ಏನೂ ಅನ್ಲಿಲ್ರೀ. ಆವತ್ತಿಂದ ಹೊಟ್ಟಿ ಸರಿ ಇಲ್ಲಂತ ಬರೇ ಮೊಸರನ್ನ ಉಣ್ಣಾಕ ಹತ್ಯಾರ."

ಗಿರಣಿಯ ಕೆಲಸದವನು ರಾಜೀವಿಗೂ ಮಾಸ್ತರರಿಗೂ ಬಾಗಿಲು ತೆರೆದ. ವಿಭೂತಿ ಹಚ್ಚಿದ ಡಬ್ಬ ಮೂಲೆಯಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಸಾಸಿವೆ ಎಂದು ಹೇಳಿ ಇರಿಸಿದ್ದ ಚೀಲಗಳಿದ್ದವು. ಶೇಂಗಾ ಗಿರಣಿಗೆ ಇಷ್ಟೊಂದು ಸಾಸಿವೆ ಏಕೆಂದು ಮಾಸ್ತರರಿಗೂ ಅನಿಸಿತು. ರಾಜೀವಿ ಒಂದು ಹಿಡಿ ಕಾಳನ್ನು ಭೂತಗನ್ನಡಿಯ ಕೆಳಗಿಟ್ಟರು. ಸಾಸಿವೆಯ ನುಣುಪು ಅದರಲ್ಲಿರಲಿಲ್ಲ; ಮೈತುಂಬ ಬಲೆಯಂಥ ಗೆರೆಗಳಿದ್ದವು.

ಸಂಜೆ ಸಬ್‌ಇನ್ಸ್‌ಪೆಕ್ಟರ್ ಕೆಂಪಪ್ಪ ಬಂದಾಗ ಎಲ್ಲರೂ ನಡುಕೋಣೆಯಲ್ಲಿ ಸೇರಿದ್ದರು. ರಾಜೀವಿ ತಾವು ತಂದಿದ್ದ ಮೂರು ಗಾಜಿನ ನಳಿಕೆಗಳಲ್ಲಿ ಎಣ್ಣೆ ಹಾಕಿ, ಪ್ರತಿಯೊಂದಕ್ಕೂ ನೈಟ್ರಿಕ್ ಆಮ್ಲ ಸೇರಿಸಿ ಅಲುಗಾಡಿಸಿದರು. ವಿಭೂತಿ ಡಬ್ಬದ್ದು ಬಣ್ಣಗೆಡಲಿಲ್ಲ. ಅಡುಗೆಮನೆಯದೂ ಮಾರುವ ಸಾಲಿನದೂ ಕಿತ್ತಳೆಗೆಂಪಾದವು.

"ಚೀಲದಲ್ಲಿರೋದು ಅರಿಶಿನ ದತ್ತೂರಿ ಬೀಜ," ಎಂದರು ರಾಜೀವಿ. "ಪಾಳುಭೂಮಿಯಲ್ಲಿ ಬೆಳೆಯೋ ಮುಳ್ಳಿನ ಗಿಡ. ಅದರ ಎಣ್ಣೆ ವಿಷ; ಶೇಂಗಾ ಎಣ್ಣೆಗೆ ಬೆರೆಸಿದ್ರೆ ಆಮ್ಲ ಹಾಕಿದಾಗ ಹೀಗೆ ಕೆಂಪಾಗ್ತದೆ. ಬೀಜ ಪುಕ್ಕಟೆ, ಎಣ್ಣೆಗೆ ಪೂರ್ತಿ ಬೆಲೆ."

"ಅದಕ್ಕೂ ಕಾಲು ಊದೋದಕ್ಕೂ ಏನ್ ಸಂಬಂಧ್ರೀ?" ಎಂದರು ಕೆಂಪಪ್ಪ.

"ನಿಮ್ಮ ಗದ್ದೆ ಕಾಲುವೆಗೆ ಒಳಗಿನಿಂದ ಜೇಡಿ ಮೆತ್ತಿರ್ತೀರಲ್ಲ? ರಕ್ತನಾಳಕ್ಕೂ ಹಾಗೇ ಒಂದು ಒಳಮೈ ಇದೆ. ಒಂದೇ ಸಾಲು ಜೀವಕೋಶ, ಅಂಚಿಗೆ ಅಂಚು ಹೊಂದಿಸಿ ಹಾಸಿದ್ದು. ಉಸಿರಾಡೋ ಆಮ್ಲಜನಕದಲ್ಲಿ ಒಂದು ಪಾಲು ಕೆರಳಿ, ಕಬ್ಬಿಣಕ್ಕೆ ತುಕ್ಕು ಹಿಡಿಸೋ ಹಾಗೆ ಕೋಶಗಳನ್ನ ಸುಡ್ತಾ ಇರ್ತದೆ. ಅದನ್ನ ತಣಿಸೋ ಶಕ್ತಿ ಕೋಶದ ಒಳಗೇ ಇರ್ತದೆ. ಈ ವಿಷ ಕೆರಳಿಕೆಯನ್ನ ಹೆಚ್ಚಿಸ್ತದೆ, ತಣಿಸೋ ಶಕ್ತಿಯನ್ನ ಬರಿದು ಮಾಡ್ತದೆ. ಆಮೇಲೆ ಒಳಮೈ ಸಂದು ಬಿಡ್ತದೆ. ರಕ್ತದ ನೀರು ಹೊರಗೆ ಸೋರಿ ಕಾಲಲ್ಲಿ ನಿಲ್ತದೆ. ಗುಳಿ ಬೀಳೋದು ಅದಕ್ಕೇ. ಶಾಂತವೀರಪ್ಪನವರಿಗೆ ಶ್ವಾಸಕೋಶಕ್ಕೂ ನೀರು ಇಳಿದು, ಹೃದಯ ಸೋತಿತು."

"ಹಂಗಾರ ಬೀಜ ಕೊಟ್ಟಾಂವ ನನಗ ಮೋಸ ಮಾಡ್ಯಾನ!" ರಾಜಕುಮಾರ್ ಎದ್ದು ನಿಂತ. "ನಾನೂ ಅದನ್ನ ಉಂಡೀನಿ. ನನ್ನ ಕಾಲೂ ಊದ್ಯಾವು!"

"ಕಾಲು ಚಾಚು," ಎಂದರು ರಾಜೀವಿ.

ಅವನು ಅಲುಗಾಡಲಿಲ್ಲ. ಕೆಂಪಪ್ಪ ಅವನ ಭುಜ ಹಿಡಿದು ಕೂರಿಸಿದರು. ರಾಜೀವಿ ಅವನ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಚರ್ಮ ತಕ್ಷಣ ಸಮನಾಯಿತು. ಗುಳಿಯ ಸುಳಿವೂ ಇರಲಿಲ್ಲ.

"ನಿನ್ನಣ್ಣನಿಗೆ ಚಪ್ಪಲಿ ಹಿಡಿಸ್ತಾ ಇಲ್ಲ. ನೀನು ಲೇಸು ಬಿಗಿದ ಬೂಟಲ್ಲಿ ಕುಂಟಿಕೊಂಡು ಬಂದೆ. ಆಗಲೇ ನಂಗೆ ಅನುಮಾನ. ಐದು ಅಲ್ಲ ಮಾಸ್ತರೇ, ನಾಲ್ಕು. ಊದದವರು ಇಬ್ಬರು. ಒಬ್ಬಳು ಪಥ್ಯದಿಂದ ಉಳಿದಳು. ಇವನು ಗೊತ್ತಿದ್ದೇ ಉಳಿದ. ಮೋಸ ಹೋದವನು ಮನೆಗೆ ಬೇರೆ ಡಬ್ಬ ಯಾಕೆ ಇಡ್ತಾನೆ? ಅಪ್ಪ ಡಬ್ಬ ಬದಲಿಸಿದ ದಿನವೇ ಮೊಸರನ್ನಕ್ಕೆ ಯಾಕೆ ಇಳೀತಾನೆ?"

ರಾಜೀವಿಯವರ ದನಿ ನಡುಗಿತು. ಇಷ್ಟು ವರ್ಷಗಳಲ್ಲಿ ಮಾಸ್ತರರು ಅದನ್ನು ಕೇಳಿದ್ದು ಅದೇ ಮೊದಲು.

"ಕಲಬೆರಕೆ ಮಾಡಿದ್ದು ದುರಾಸೆ. ಆದರೆ ಅಪ್ಪ ನಿನ್ನ ಎದುರಿಗೇ ಕೂತು ಅದನ್ನ ಉಣ್ತಾ ಇದ್ದರು. ಅವರ ಕಾಲು ದಿನಾ ದಪ್ಪ ಆಗ್ತಾ ಇತ್ತು. 'ಅಪ್ಪಾ, ಉಣ್ಣಬೇಡ' ಅಂದಿದ್ರೆ ಸಾಕಿತ್ತಲ್ಲೋ! ಅಂದ್ರೆ ಗುಟ್ಟು ಬಯಲಾಗ್ತದೆ ಅಂತ ಮೊಸರನ್ನ ಕಲಸಿಕೊಂಡು ಸುಮ್ಮನೆ ನೋಡಿದೆ. ಆಮೇಲೆ ಹಾಲೂಡೋ ಹೆಂಗಸಿನ ತಲೆಗೆ ಕಟ್ಟಿದೆ."

ರಾಜಕುಮಾರ್ ತಾಯಿಯ ಕಡೆ ನೋಡಿದ. ಸರ್ವಮಂಗಳ ಮುಖ ತಿರುಗಿಸಿದರು.

ಕೆಂಪಪ್ಪ ಅವನನ್ನು ಜೀಪಿಗೆ ಹತ್ತಿಸಿ, ಆ ಎಣ್ಣೆಯನ್ನು ಯಾರೂ ಬಳಸಬಾರದೆಂದು ಕೂಡಲೇ ಊರಲ್ಲಿ ಡಂಗುರ ಸಾರಲು ಆಳು ಕಳಿಸಿದರು. ಊದಿದ ಮೂವರನ್ನೂ ಆಸ್ಪತ್ರೆಗೆ ಸೇರಿಸುವಂತೆ ರಾಜೀವಿ ಚೀಟಿ ಬರೆದರು.

ತಾಯಿಯೊಡನೆ ಹೊರಡಲು ಎದ್ದ ಸೊಸೆಯತ್ತ ಸರ್ವಮಂಗಳ ಚಾಪೆಯಿಂದ ಕೈಚಾಚಿದರು. "ತಪ್ಪಾತವ್ವ. ನಾನೂ ಬಾಯಿಗೆ ಬಂದಂಗ ಅಂದೆ. ಹೋಗಬ್ಯಾಡ."

"ನೀವು ಗಂಡನ್ನ ಕಳಕೊಂಡೋರು ಅತ್ತೆ. ನಿಮ್ಮ ಮಾತು ನಾನು ಮನಸಲ್ಲಿ ಇಟ್ಕೊಂಡಿಲ್ಲ."

ಗಂಗಾಶ್ರೀ ಕೂಸನ್ನು ಎತ್ತಿಕೊಂಡು, ಕಂಬಕ್ಕೆ ಒರಗಿದ್ದ ಗಂಡನ ಎದುರಿಗೆ ನಿಂತಳು.

"ಪಥ್ಯ ಅಂತ ನಾನು ಎಣ್ಣೆ ಮುಟ್ಟೋದಿಲ್ಲ ಅನ್ನೋದು ನಿಮಗೆ ಗೊತ್ತಿತ್ತು ರೀ. ಎಲ್ಲರೂ ಕೊಲೆಗಾತಿ ಅಂದಾಗ ನೀವು ಒಂದು ಮಾತು ಹೇಳಬಹುದಿತ್ತು. ಆ ಒಂದು ಮಾತು ನನಗೆ ಬರಬೇಕು."

ಕೊಟ್ರೇಶ್ ಬಾಯಿ ತೆರೆದ. ಕೊನೆಗೆ ಅಂದದ್ದು, "ಬಸ್ಸು ಸಿಗ್ತತೇನ ಈಗ?"

ಅವಳು ತಾಯಿಯೊಡನೆ ಹೊಸ್ತಿಲು ದಾಟಿದಳು. ಬಸ್ಸು ಸಿಕ್ಕಿತು. ಅವಳಿಗೆ ಬರಬೇಕಾದ ಮಾತು ಆ ಮನೆಯಲ್ಲೇ ಬಾಕಿ ಉಳಿಯಿತು.